ತುದಿ ಮುರಿದು ನೋಡಿ

ನ್ಯೂಜೆರ್ಸಿಯ ಹಿಲ್ಸ್‌ಬರೋದ ನಮ್ಮ ಮನೆಯ ಗರಾಜಿನಲ್ಲಿ ಕಾರೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಒಡೆದ ಇಸ್ತ್ರಿ ಪೆಟ್ಟಿಗೆ, ಒಂದು ಚಕ್ರ ಕಳೆದುಕೊಂಡ ಸೂಟ್‌ಕೇಸು, ಎಂದಾದರೂ ಊರಿಗೆ ಒಯ್ಯೋಣವೆಂದು ಕೊಂಡು ಊರಿನವರಿಗೇ ಬೇಡವಾದ ಮಿಕ್ಸಿ, ಹೀಗೆ. ಕಳೆದ ಶನಿವಾರ ನನ್ನ ಮಗಳು ಅನು ಶಾಲೆಯ ಪ್ರಾಜೆಕ್ಟಿಗೆ ರಟ್ಟು ಬೇಕೆಂದು ಅಲ್ಲಿಗೆ ನುಗ್ಗಿದಳು. ಸ್ವಲ್ಪ ಹೊತ್ತಿಗೆ ಕತ್ತರಿಯ ಸದ್ದು ಕೇಳಿಸಿತು. ನನಗೇನು ಹೊಳೆಯಿತೋ, ಒಲೆಯ ಮೇಲಿನ ಒಗ್ಗರಣೆಯನ್ನು ಹಾಗೇ ಬಿಟ್ಟು ಓಡಿದೆ.

"ಏಯ್, ಅದನ್ನ ಮುಟ್ಟಬೇಡ್ವೇ!"

"ಇಟ್ಸ್ ಜಸ್ಟ್ ಎ ಬಾಕ್ಸ್, ಅಮ್ಮಾ," ಎಂದಳು ಅನು.

ಅವಳು ಹೇಳಿದ್ದು ಸುಳ್ಳಲ್ಲ. ಅದು ತರಕಾರಿ ಪೆಟ್ಟಿಗೆಯ ಮುಚ್ಚಳ. ಆದರೆ ತಿರುಗಿಸಿ ನೋಡಿದರೆ ನಾಲ್ಕು ಸಾಲು ಬರಹ. ಮೇಲೆ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ 'ನೋ ಬ್ರೇಕ್'. ಅದರ ಕೆಳಗೆ ಚೀನೀ ಭಾಷೆಯ ಒಂದು ಸಾಲು, ಕೊರಿಯನ್ ಭಾಷೆಯ ಒಂದು ಸಾಲು, ಎಲ್ಲಕ್ಕಿಂತ ಕೆಳಗೆ ದುಂಡನೆಯ ಕನ್ನಡದಲ್ಲಿ ನನ್ನದೇ ಕೈಬರಹ. ಅನು ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ನಡೆಯುವ ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಾಳೆ. ಸದ್ಯಕ್ಕೆ ಕಾಗುಣಿತದಲ್ಲಿ ಕಾಲು ಜಾರುತ್ತಿದ್ದಾಳೆ. ಬೆರಳಿಟ್ಟು "ತು... ದಿ..." ಎಂದು ಓದಿ ಸುಸ್ತಾಗಿ, "ವಾಟ್ ಡಸ್ ಇಟ್ ಸೇ?" ಎಂದು ಕೇಳಿದಳು. ಅಷ್ಟರಲ್ಲಿ ಒಗ್ಗರಣೆ ಹೊತ್ತಿದ ವಾಸನೆ ಬಂತು. "ಆಮೇಲೆ ಹೇಳ್ತೀನಿ," ಎಂದು ಮುಚ್ಚಳವನ್ನು ಕಿತ್ತುಕೊಂಡು ಒಳಗೆ ಬಂದೆ. ಒಂದೇ ಮಾತಿನಲ್ಲಿ ಹೇಳುವಂಥದ್ದಾಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ.

ಆಗ, ಎಂಬತ್ತರ ದಶಕದ ಮೊದಲಿನಲ್ಲಿ, ನಾವು ಫ್ಲಶಿಂಗಿನಲ್ಲಿದ್ದೆವು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಸೆವೆನ್ ನಂಬರಿನ ಟ್ರೈನು ಇನ್ನು ಮುಂದೆ ಹೋಗಲಾರೆ ಎಂದು ನಿಂತುಬಿಡುವ ಕಡೆ. ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟರಾಗಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ನಮ್ಮಪ್ಪನಿಗೆ ಆ ಹೆಸರೇ ಮುಜುಗರ. 'ಅಷ್ಟು ದೊಡ್ಡ ದೇಶದಲ್ಲಿ ಇನ್ನೂ ಸ್ವಲ್ಪ ಮರ್ಯಾದಸ್ಥ ಹೆಸರಿನ ಜಾಗ ಸಿಗಲಿಲ್ಲವೆ?' ಎಂದು ಕಾಗದ ಬರೆದಿದ್ದರು. ವಿಳಾಸದಲ್ಲಿ ಕ್ವೀನ್ಸ್ ಎನ್ನುವುದನ್ನು ದಪ್ಪಕ್ಷರದಲ್ಲಿ ಬರೆದು, ಫ್ಲಶಿಂಗನ್ನು ಪೋಸ್ಟ್‌ಮನ್ನಿಗೆ ಮಾತ್ರ ಕಾಣುವಷ್ಟು ಸಣ್ಣದಾಗಿ ಬರೆಯುತ್ತಿದ್ದರು.

ನಮ್ಮವರು ಬೆಳಿಗ್ಗೆ ಏಳಕ್ಕೆ ಟ್ರೈನು ಹತ್ತಿ ಮ್ಯಾನ್‌ಹ್ಯಾಟನ್ನಿನ ಆಫೀಸಿಗೆ ಹೋದರೆ ಸಂಜೆಯವರೆಗೆ ಆರನೇ ಮಹಡಿಯಲ್ಲಿ ನಾನೊಬ್ಬಳೇ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಬಿ.ಎಸ್‌ಸಿ. ಓದಿದ ತಲೆಯನ್ನು ಎಷ್ಟು ದಿನ ಕಿಟಕಿಗೆ ಒರಗಿಸಿಡುವುದು? ಮೇನ್ ಸ್ಟ್ರೀಟಿನಲ್ಲಿ ಸುಮ್ಮನೆ ತಿರುಗುತ್ತಿದ್ದೆ. ಹಳೆಯ ಐರಿಷ್ ಬಾರು, ಯಹೂದಿ ಬೇಕರಿ, ಗ್ರೀಕರ ಡೈನರು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅದೇ ಬಾಗಿಲುಗಳು ತಿಂಗಳೊಪ್ಪತ್ತಿನಲ್ಲಿ ಚೀನೀಯರ, ಕೊರಿಯನ್ನರ ಬೋರ್ಡು ಹೊತ್ತು ಮತ್ತೆ ತೆರೆದುಕೊಳ್ಳುತ್ತಿದ್ದವು. ಬೋರ್ಡು ನೋಡಿ ಒಳಗೇನಿದೆ ಎಂದು ಊಹಿಸುವುದು ನನ್ನ ಆಟ. ಕಿಟಕಿಯಲ್ಲಿ ಮೀನಿನ ತೊಟ್ಟಿ ಇಟ್ಟಿದ್ದ ಒಂದು ಅಂಗಡಿಯನ್ನು ಮೀನಿನ ಹೋಟೆಲೆಂದು ತಿಳಿದು ವರ್ಷವಿಡೀ ಎದುರು ಫುಟ್‌ಪಾತಿನಲ್ಲೇ ನಡೆದೆ. ಅದು ಹಲ್ಲಿನ ಡಾಕ್ಟರದ್ದು ಎಂದು ಗೊತ್ತಾದದ್ದು ನನಗೇ ಹಲ್ಲುನೋವು ಬಂದಾಗ.

ಇನ್ನೊಂದು ವಿಶೇಷವೆಂದರೆ ವಿಮಾನ. ಪಕ್ಕದ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಫ್ಲಶಿಂಗಿನ ನೆತ್ತಿ ಸವರಿಕೊಂಡು ಹೋಗುತ್ತಿದ್ದವು. ಅದು ದಾಟುವವರೆಗೆ ಯಾರ ಮಾತೂ ಯಾರಿಗೂ ಕೇಳಿಸದು. ಹಾಗಾಗಿ ಅಲ್ಲಿನವರೆಲ್ಲ, ಯಾವ ದೇಶದವರೇ ಆಗಿರಲಿ, ಮಾತಿನ ನಡುವೆ ಬಾಯಿ ತೆರೆದುಕೊಂಡೇ ನಿಂತು, ಸದ್ದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಮೊದಲ ಸಲ ಮೈಸೂರಿಗೆ ಹೋದಾಗ ನಾನು ಆಟೋ ಸದ್ದಿಗೂ ಹಾಗೇ ನಿಂತುಬಿಡುತ್ತಿದ್ದೆ. ಹುಡುಗಿಗೆ ಏನೋ ಆಗಿದೆ ಎಂದು ನಮ್ಮತ್ತೆ ದೃಷ್ಟಿ ತೆಗೆದರು.

ಬೆಂಡೆಕಾಯಿಯ ವಿಷಯಕ್ಕೆ ಬರುತ್ತೇನೆ. ಬಂದ ಹೊಸತರಲ್ಲಿ ನನಗೆ ಅದರ ಇಂಗ್ಲಿಷ್ ಹೆಸರು ಲೇಡೀಸ್ ಫಿಂಗರ್ ಎಂದಷ್ಟೇ ಗೊತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಕೇಳಿದರೆ ಬಿಸ್ಕತ್ತಿನ ಸಾಲಿಗೆ ಕಳಿಸಿದರು. ಅಲ್ಲಿ ನಿಜವಾಗಿಯೂ ಆ ಹೆಸರಿನ ಬಿಸ್ಕತ್ತು ಇತ್ತು! ಅದರಿಂದ ಹುಳಿ ಮಾಡಲಾಗದೆ ಚಹಾದಲ್ಲಿ ಅದ್ದಿ ತಿಂದೆವು. ಆಮೇಲೆ ಯಾರೋ ಅದಕ್ಕೆ ಇಲ್ಲಿ ಓಕ್ರಾ ಎನ್ನುತ್ತಾರೆಂದು ಹೇಳಿಕೊಟ್ಟರು. ಹೊಸ ಪದ ಸಿಕ್ಕ ಉತ್ಸಾಹದಲ್ಲಿ ರೈಲು ಸೇತುವೆಯ ಪಕ್ಕದಲ್ಲಿ ಹೊಸದಾಗಿ ತೆರೆದಿದ್ದ ಚೀನೀ ತರಕಾರಿ ಅಂಗಡಿಗೆ ಹೋಗಿ "ಓಕ್ರಾ" ಎಂದೆ. ಅಂಗಡಿಯಾಕೆ ತಲೆದೂಗಿ ಒಳಗೆ ಹೋಗಿ ಎರಡು ಕೈಯಲ್ಲಿ ಹಿಡಿದು ತಂದದ್ದು ಉದ್ದನೆಯ ಹೀರೇಕಾಯಿ! ಚೀನೀಯರ ಓಕ್ರಾ ಅದಂತೆ. ಹೀರೇಕಾಯಿ ಕಂಡು ವರ್ಷವಾಗಿತ್ತು. ಬೀದಿಯಲ್ಲೇ ಅದನ್ನು ಮೂಸಿ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಆಕೆ ಗಾಬರಿಯಾಗಿ, ಬೇಡವಾದದ್ದನ್ನು ಕೊಟ್ಟೆನೆಂದು ತಿಳಿದು, ಹುಡುಕಿ ಹುಡುಕಿ ನಿಜವಾದ ಬೆಂಡೆಕಾಯಿಯ ಪೆಟ್ಟಿಗೆಯನ್ನೇ ತಂದು ಮುಂದಿಟ್ಟರು. ಆಕೆಯೇ ಮಿಸೆಸ್ ಲಿನ್. ತೈವಾನಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಎತ್ತರದಲ್ಲಿ ನನ್ನ ಭುಜದಷ್ಟು.

ನಾನು ಒಂದು ಬೆಂಡೆಕಾಯಿ ತೆಗೆದುಕೊಂಡು ತುದಿಯನ್ನು ಹೆಬ್ಬೆರಳಿನಿಂದ ಟಕ್ ಎಂದು ಮುರಿದೆ.

"ನೋ ಬ್ರೇಕ್!" ಎಂದು ಮಿಸೆಸ್ ಲಿನ್ ಕೂಗಿದ್ದು ಸೇತುವೆಯ ಮೇಲಿನ ರೈಲಿಗೂ ಕೇಳಿಸಿರಬೇಕು.

ನೀವೇ ಹೇಳಿ, ಮುರಿಯದೆ ಬೆಂಡೆಕಾಯಿ ಕೊಳ್ಳುವುದು ಹೇಗೆ? ಟಕ್ ಎಂದು ಮುರಿದರೆ ಎಳೇದು, ಬಾಗಿ ನಾರು ಬಿಟ್ಟರೆ ಬಲಿತದ್ದು. ಇದನ್ನು ನನಗೆ ನಮ್ಮಮ್ಮ ದೇವರಾಜ ಮಾರುಕಟ್ಟೆಯಲ್ಲಿ ಕಲಿಸಿದ್ದು. ಅಕ್ಷರಾಭ್ಯಾಸವಾದ ವರ್ಷವೇ ಬೆಂಡೆಕಾಯಿಯ ಅಭ್ಯಾಸವೂ ಆಯಿತು. ಅಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು, ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಟಕ್ ಟಕ್ ಎಂದು ಶುರು ಮಾಡಿದರೆ ಅಂಗಡಿಯ ನಂಜಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಅಮ್ಮಾವ್ರೇ, ಎಲ್ಲಾನೂ ಹಿಂಗೆ ಮುರ್ದಾಕ್ಬುಟ್ರೆ ನಾನ್ ಇನ್ಯಾರಿಗ್ ಮಾರ್ಲಿ?" ಅಮ್ಮ ತಲೆ ಎತ್ತದೆ, "ಬಲಿತದ್ದನ್ನ ತರಬೇಡ ನಂಜಮ್ಮ, ಆಗ ಮುರಿಯೋದೇ ಬೇಡ," ಎನ್ನುತ್ತಿದ್ದಳು. ಈ ಜಗಳ ವಾರಕ್ಕೆರಡು ಸಲ ನಡೆಯುತ್ತಿತ್ತು, ಇಬ್ಬರಿಗೂ ಅದು ಬೇಕಾಗಿತ್ತು.

ನನಗೂ ಮಿಸೆಸ್ ಲಿನ್‌ಗೂ ಅದೇ ಶುರುವಾಯಿತು. ನಾನು ಮುರಿಯುವುದು, ಆಕೆ ಕೂಗುವುದು. ಅವರು ಬೆನ್ನು ತಿರುಗಿಸಿದಾಗ ಮುರಿದೆ. ಕೆಮ್ಮಿ, ಕೆಮ್ಮಿನ ಸದ್ದಿನಲ್ಲಿ ಮುರಿದೆ. ವಿಮಾನ ಬರುವುದನ್ನೇ ಕಾದು, ಅದರ ಅಬ್ಬರದಲ್ಲಿ ಎಂಟು ಹತ್ತು ಮುರಿದುಬಿಡುತ್ತಿದ್ದೆ. ಒಂದು ದಿನ ಪೆಟ್ಟಿಗೆಯ ಮೇಲೆ ಈ ಮುಚ್ಚಳ ಬಂತು. ಇಂಗ್ಲಿಷ್ ಮತ್ತು ಚೀನೀ ಸಾಲುಗಳನ್ನು ಮಿಸೆಸ್ ಲಿನ್ ತಾವೇ ಬರೆದಿದ್ದರು. ಕೊರಿಯನ್ ಸಾಲನ್ನು ಪಕ್ಕದ ಚಪ್ಪಲಿ ರಿಪೇರಿಯ ಮುದುಕರು ಬರೆದುಕೊಟ್ಟಿದ್ದರು. ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. ಆಕೆ ಮಾರ್ಕರನ್ನು ನನ್ನ ಕೈಗೆ ಕೊಟ್ಟು, "ಯೂ ರೈಟ್ ಇಂಡಿಯನ್," ಎಂದರು.

ಇಂಡಿಯನ್ ಎಂಬ ಭಾಷೆ ಇಲ್ಲ, ನಮ್ಮಲ್ಲಿ ಬೇಕಾದಷ್ಟು ಭಾಷೆಗಳಿವೆ ಎಂದು ಹೇಳಲು ಹೊರಟೆ. "ಇಂಡಿಯನ್, ಇಂಡಿಯನ್," ಎಂದು ಆಕೆ ಅವಸರಪಡಿಸಿದರು. ಶಾಲೆಯಲ್ಲಿ ದುಂಡು ಬರಹಕ್ಕೆ ಬಹುಮಾನ ಪಡೆದವಳು ನಾನು. ಕನ್ನಡ ಬರೆದು ತಿಂಗಳುಗಳಾಗಿದ್ದವು, ಕೈ ತುರಿಸುತ್ತಿತ್ತು. ಬಗ್ಗಿ 'ತುದಿ' ಎಂದು ಬರೆದೆ. 'ಮುರಿ' ಎಂದು ಬರೆದೆ. ಮುಂದೆ 'ಯಬೇಡಿ' ಎಂದು ಬರೆಯಬೇಕು. ಆಗ ತಲೆಯಲ್ಲಿ ತುಂಟತನ ಹೊಕ್ಕಿತು. ಈ ಬೀದಿಯಲ್ಲಿ ಕನ್ನಡ ಓದುವವರು ಯಾರಿದ್ದಾರೆ? ನಾನು, ನಮ್ಮವರು. ನಮ್ಮವರಿಗೆ ತರಕಾರಿ ಅಂಗಡಿಯ ದಿಕ್ಕೇ ಗೊತ್ತಿಲ್ಲ. ಕೈ ತಾನಾಗಿ ಮುಂದುವರಿಯಿತು: 'ತುದಿ ಮುರಿದು ನೋಡಿ. ಎಳೇದಿದ್ದರೆ ಮಾತ್ರ ಕೊಳ್ಳಿ.'

"ಲಾಂಗ್," ಎಂದು ಮಿಸೆಸ್ ಲಿನ್ ಹುಬ್ಬೇರಿಸಿದರು. ಅವರದು ಎರಡೇ ಪದ, ನನ್ನದು ಆರು.

"ನಮ್ಮ ಭಾಷೆ ಸ್ವಲ್ಪ ವಿನಯದ್ದು, 'ದಯವಿಟ್ಟು' ಎಲ್ಲ ಸೇರಿಸಬೇಕು," ಎಂದೆ. ನಾಚಿಕೆಯಿಲ್ಲದೆ ಎಂದೆ. ಆಕೆ ನನ್ನ ಬೆನ್ನು ತಟ್ಟಿ, ಒಂದು ಕಿತ್ತಳೆ ಹಣ್ಣನ್ನು ಬೇಡವೆಂದರೂ ಚೀಲದಲ್ಲಿ ಹಾಕಿದರು.

ಗುಜರಾತಿಗಳು, ಪಂಜಾಬಿಗಳು ಬಂದು ಆ ಸಾಲನ್ನು ನೋಡಿ ತಮಿಳೋ ತೆಲುಗೋ ಎಂದು ಚರ್ಚಿಸಿ ಹೋದರು. ನಾನು ಬೋರ್ಡಿನ ಆಜ್ಞೆಯನ್ನು ನಿಷ್ಠೆಯಿಂದ ಪಾಲಿಸುತ್ತಾ ಸುಖವಾಗಿದ್ದೆ. ಆದರೆ ಅಲ್ಲಿಂದ ಸ್ವಲ್ಪ ದೂರದಲ್ಲಿ ನಮ್ಮ ದೇಶದವರ ದೇವಸ್ಥಾನವಿದೆ, ಅದಕ್ಕೆ ನ್ಯೂಜೆರ್ಸಿಯಿಂದಲೂ ಜನ ಬರುತ್ತಾರೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಭಾನುವಾರ ಅಂಗಡಿಯ ಮುಂದೆ ದೊಡ್ಡ ಸ್ವರವೊಂದು ಕೇಳಿಸಿತು.

"ಏ ಇಕಿನ, ಲಗೂ ಬಾ ಇಲ್ಲೆ! ಕನ್ನಡದಾಗ ಬರದಾರ ನೋಡು, ಕನ್ನಡದಾಗ!"

ನ್ಯೂಜೆರ್ಸಿಯ ಮಾರಿಸ್‌ಟೌನಿನಲ್ಲಿ ಕೆಲಸದಲ್ಲಿದ್ದ, ಧಾರವಾಡದ ಕಡೆಯ ಪಾಟೀಲ ಅಂಕಲ್ ಮತ್ತು ಅವರ ಹೆಂಡತಿ. ಅಂಕಲ್ ಮೊದಲು ಬೋರ್ಡಿನ ಫೋಟೋ ತೆಗೆದರು. ಆಮೇಲೆ ಬೋರ್ಡಿನ ಜೊತೆ ಹೆಂಡತಿಯ ಫೋಟೋ ತೆಗೆದರು. ಆಮೇಲೆ ಇಬ್ಬರೂ ಕುಳಿತು, ನ್ಯೂಯಾರ್ಕ್ ನಗರವೇ ಕನ್ನಡದಲ್ಲಿ ಅಪ್ಪಣೆ ಕೊಟ್ಟಿದೆ ಎಂಬ ಸಂಭ್ರಮದಲ್ಲಿ, ಪೆಟ್ಟಿಗೆಯ ಬೆಂಡೆಕಾಯಿಯನ್ನೆಲ್ಲ ಮುರಿದು ಗುಡ್ಡೆ ಹಾಕಿದರು. ಒಳಗಿಂದ ಓಡಿಬಂದ ಮಿಸೆಸ್ ಲಿನ್ ಬೋರ್ಡನ್ನು ತೋರಿಸಿದರು. ಅಂಕಲ್ ಸಂತೋಷದಿಂದ ತಲೆಯಾಡಿಸಿ ಇನ್ನೊಂದು ಮುರಿದರು. ಇದನ್ನೆಲ್ಲ ಎದುರು ಫುಟ್‌ಪಾತಿನಿಂದ ನೋಡುತ್ತಿದ್ದ ನಾನು ಅಷ್ಟರಲ್ಲಿ ಅಲ್ಲಿಗೆ ಕಾಲಿಟ್ಟೆ. ಮಿಸೆಸ್ ಲಿನ್ ನನ್ನ ತೋಳು ಹಿಡಿದು, "ಯೂ ಟೆಲ್ ದೆಮ್!" ಎಂದರು.

ನಾನು ಗಂಟಲು ಸರಿಮಾಡಿಕೊಂಡು, "ಸಾರ್, ಮುರೀಬೇಡಿ ಅಂತಿದಾರೆ," ಎಂದೆ.

ಅಂಕಲ್ ಕನ್ನಡ ಕೇಳಿ ಅರಳಿದರು. ತಕ್ಷಣ ಗೊಂದಲಕ್ಕೆ ಬಿದ್ದರು. "ಅಲ್ರೀ ಅಕ್ಕಾರ, ಬೋರ್ಡಿನ ಮ್ಯಾಲ ಮುರದ ನೋಡ್ರಿ ಅಂತ ಬರದೈತಿ, ನೀವು ಮುರೀಬ್ಯಾಡ್ರಿ ಅಂತೀರಿ. ಯಾವುದು ಖರೇ?"

ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸೆಸ್ ಲಿನ್ ನಗುವಿನ ಕಾರಣ ತಿಳಿಯದೆ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಆಮೇಲೆ ಬೇಸರದಿಂದ ಹೇಳಿದ್ದು ಇಷ್ಟು: ಗುಜರಾತಿ ಹೆಂಗಸರು ನೀನು ಬರೆದದ್ದನ್ನು ಓದುವುದಿಲ್ಲ, ಆದರೂ ಎರಡೋ ಮೂರೋ ಮುರಿಯುತ್ತಾರೆ. ಇವರು ಓದುತ್ತಾರೆ, ಓದಿದ ಮೇಲೆ ಎಲ್ಲವನ್ನೂ ಮುರಿಯುತ್ತಾರೆ. ನಿನ್ನ ಜನ ಏಕೆ ಹೀಗೆ? ನಾನು ತಲೆ ತಗ್ಗಿಸಿದೆ. ನಿಜ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ಹೇಳಲಿಲ್ಲ.

ಅಂಕಲ್ ಆಗಿನಿಂದ ನಮ್ಮ ಮನೆಗೆ ಬಂದುಹೋಗುವವರಾದರು.

ಅನು ಹುಟ್ಟಿದ್ದು ಮರುವರ್ಷದ ಚಳಿಗಾಲದಲ್ಲಿ. ಅಪ್ಪನ ಕಾಯಿಲೆಯಿಂದಾಗಿ ಅಮ್ಮನಿಗೆ ಬಾಣಂತನಕ್ಕೆ ಬರಲಾಗಲಿಲ್ಲ. ಹೆರಿಗೆಯಾದ ಅರ್ಧ ಗಂಟೆಗೆ ಆಸ್ಪತ್ರೆಯ ನರ್ಸು ಪ್ರೀತಿಯಿಂದ ಒಂದು ದೊಡ್ಡ ಲೋಟದ ತುಂಬ ಐಸ್ ನೀರು ತಂದುಕೊಟ್ಟಳು. ಅದನ್ನು ನೋಡಿ ನಾನು ಅತ್ತದ್ದು ಏಕೆಂದು ಆಕೆಗೆ ತಿಳಿಯಲೇ ಇಲ್ಲ. ಮನೆಗೆ ಬಂದ ಮೂರನೇ ದಿನ ಬಾಗಿಲು ಬಡಿದ ಸದ್ದು. ತೆರೆದರೆ ಮಿಸೆಸ್ ಲಿನ್! ಎರಡು ವಾರ ನಾನು ಕಾಣದಿದ್ದುದರಿಂದ, ಕೊರಿಯನ್ ಮುದುಕರನ್ನು, ಲಾಂಡ್ರಿಯವರನ್ನು ಕೇಳಿ, ಹೊಟ್ಟೆಯ ಮುಂದೆ ಕೈ ಆಡಿಸಿ ತೋರಿಸಿ, ಹೇಗೋ ಮನೆ ಹುಡುಕಿದ್ದರು. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಮಿಸೆಸ್ ಓಕ್ರಾ ಎಂದೇ ಕೇಳಿಕೊಂಡು ಬಂದಿದ್ದರಂತೆ.

ಒಳಗೆ ಬಂದವರೇ ಅರ್ಧ ತೆರೆದಿದ್ದ ಕಿಟಕಿ ಮುಚ್ಚಿದರು. ನನ್ನ ಕೈಯಲ್ಲಿದ್ದ ತಣ್ಣೀರಿನ ಲೋಟ ಕಿತ್ತುಕೊಂಡರು. ತಮ್ಮ ತಲೆಯ ಉಣ್ಣೆಯ ಸ್ಕಾರ್ಫನ್ನು ಬಿಚ್ಚಿ ನನ್ನ ಕಿವಿ ಮುಚ್ಚುವಂತೆ ಬಿಗಿಯಾಗಿ ಕಟ್ಟಿದರು. ಚೀಲದಿಂದ ಶುಂಠಿ, ಎಳ್ಳೆಣ್ಣೆ, ಕೆಂಪು ಖರ್ಜೂರ, ಒಂದು ಪಾತ್ರೆ ಕೋಳಿ ಸೂಪು ಹೊರಬಂದವು. ನಾವು ಕೋಳಿ ತಿನ್ನುವುದಿಲ್ಲ ಎಂದಾಗ ಆಕೆಯ ಮುಖ ಬಾಡಿತು. ಮರುದಿನ ಅದನ್ನೇ ಕೋಳಿಯಿಲ್ಲದೆ, ದುಪ್ಪಟ್ಟು ಶುಂಠಿ ಹಾಕಿ ತಂದರು. ಮೂಗು ಕಣ್ಣಿನಲ್ಲೆಲ್ಲ ನೀರು ಬರುವಷ್ಟು ಖಾರ. ಒಂದು ತಿಂಗಳು ಹೀಗೆ ನಡೆಯಿತು. ಈ ನಡುವೆ ಅಮ್ಮನ ಕಾಗದ ಬಂತು: ತಣ್ಣೀರು ಮುಟ್ಟಬೇಡ, ಕಿವಿಗೆ ಗಾಳಿ ತಾಗಿಸಬೇಡ, ಶುಂಠಿ ತಿನ್ನು. ಅಷ್ಟೂ ಆಗಲೇ ನಡೆಯುತ್ತಿತ್ತು. ಅಮ್ಮನೂ ಮಿಸೆಸ್ ಲಿನ್ನೂ ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರಂತೆ ನನಗೆ ತೋರಿತು. ಆ ದಿನಗಳಲ್ಲಿ ಸ್ಕಾರ್ಫಿನೊಳಗೆ ಬೆಚ್ಚಗೆ ಮಲಗಿ ನಾನು ಯೋಚಿಸುತ್ತಿದ್ದದ್ದು ಬೋರ್ಡಿನ ಆ ಸಾಲನ್ನೇ. ನಾಚಿಕೆಯಾಗುತ್ತಿತ್ತು. ತಮಾಷೆಗೆ ಹೇಳಿದ ಸುಳ್ಳು ತಮಾಷೆಯಾಗಿಯೇ ಉಳಿಯಬೇಕಾದರೆ ಎದುರಿನವರು ನಮಗೆ ಯಾರೂ ಆಗಿರಬಾರದು. ಎದ್ದು ಓಡಾಡುವಂತಾದ ಮೇಲೆ ಹೇಳೋಣವೆಂದುಕೊಂಡೆ. ಎದ್ದು ಓಡಾಡಿದೆ, ಹೇಳಲಿಲ್ಲ. ಒಂದು ವರ್ಷ ಹೇಳದಿದ್ದರೆ ಎರಡನೇ ವರ್ಷ ಹೇಳುವುದು ಇನ್ನೂ ಕಷ್ಟ. ಹೀಗೇ ಐದಾರು ವರ್ಷ ಹೋದವು. ರಟ್ಟು ನೆನೆದು ಅಕ್ಷರ ಮಸುಕಾದಾಗಲೆಲ್ಲ ಮಿಸೆಸ್ ಲಿನ್ ಮಾರ್ಕರ್ ಕೊಡುತ್ತಿದ್ದರು, ನಾನು ಅದೇ ಸುಳ್ಳನ್ನು ತಿದ್ದಿ ತಿದ್ದಿ ದಪ್ಪ ಮಾಡುತ್ತಿದ್ದೆ.

ಅಷ್ಟರಲ್ಲಿ ಫ್ಲಶಿಂಗ್ ಬದಲಾಗತೊಡಗಿತ್ತು. ತೈವಾನಿನಿಂದ, ಹಾಂಗ್‌ಕಾಂಗಿನಿಂದ ಬಂಡವಾಳ ಬಂತೆಂದು ಜನ ಹೇಳುತ್ತಿದ್ದರು. ಬ್ಯಾಂಕುಗಳು ಎದ್ದವು. ಹಳೆಯ ಇಟ್ಟಿಗೆಯ ಸಾಲಂಗಡಿಗಳನ್ನು ಬೀಳಿಸಿ ಗಾಜಿನ ಕಟ್ಟಡಗಳನ್ನು ಎತ್ತತೊಡಗಿದರು. ಬೀಳಿಸುವ ಜಾಗದ ಸುತ್ತ ಹಲಗೆಯ ಗೋಡೆ ಕಟ್ಟಿ, ಅದರಲ್ಲಿ ದಾರಿಹೋಕರು ನೋಡಲೆಂದು ಚೌಕದ ಕಿಂಡಿ ಬಿಡುತ್ತಿದ್ದರು. ಅನುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಾನು ಆ ಕಿಂಡಿಗಳ ಮುಂದೆ ಗಂಟೆಗಟ್ಟಲೆ ನಿಂತಿದ್ದೇನೆ. ಎಷ್ಟು ಆಳಕ್ಕೆ ಅಗೆಯುತ್ತಾರೆ, ಕೆಳಗೆ ಏನು ಸಿಗುತ್ತದೆ ಎಂಬ ಕುತೂಹಲ. ಒಮ್ಮೆ ಗ್ರೀಕರ ಡೈನರಿನ ಹಸಿರು ಕುರ್ಚಿಯೊಂದು ಗುಂಡಿಯ ತಳದಲ್ಲಿ ನೆಟ್ಟಗೆ ಕುಳಿತಿತ್ತು. ಕೊನೆಗೆ ಮಿಸೆಸ್ ಲಿನ್ ಅಂಗಡಿಯ ಸಾಲಿಗೂ ನೋಟೀಸು ಬಂತು. ಆಕೆಗೆ ಎದುರಿನ ಹೊಸ ಕಟ್ಟಡದ ನೆಲಮಹಡಿಯಲ್ಲಿ ಜಾಗ ಸಿಕ್ಕಿತು. ಆದರೆ ಅಲ್ಲಿ ರಟ್ಟಿನ ಬೋರ್ಡು ಕೂಡದಂತೆ. ಎಲ್ಲವೂ ಒಂದೇ ಅಳತೆಯ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿರಬೇಕಂತೆ.

"ಶನಿವಾರ ಬೋರ್ಡಿನವನು ಬರುತ್ತಾನೆ," ಎಂದು ಮಿಸೆಸ್ ಲಿನ್ ಹೆಮ್ಮೆಯಿಂದ ಹೇಳಿದರು. "ನಿನ್ನ ಇಂಡಿಯನ್ನನ್ನೂ ಹಾಗೇ ಅಚ್ಚು ಹಾಕಿಸುತ್ತೇನೆ. ಪ್ಲಾಸ್ಟಿಕ್! ಫಾರೆವರ್!"

ಅದೇ ವಾರ ನಮ್ಮ ಮನೆಯಲ್ಲೂ ಪೆಟ್ಟಿಗೆ ಕಟ್ಟುವ ಕೆಲಸ ನಡೆದಿತ್ತು. ನಮ್ಮವರಿಗೆ ಮಾರಿಸ್‌ಟೌನಿನಲ್ಲಿ ಕೆಲಸ ಸಿಕ್ಕಿತ್ತು. ಹೇಳಿ ಕೊಡಿಸಿದವರು ಬೇರೆ ಯಾರೂ ಅಲ್ಲ, ಬೋರ್ಡು ಓದಿ ನಕ್ಕ ಪಾಟೀಲ ಅಂಕಲ್. ಹಾಗೆ ನೋಡಿದರೆ ಆ ಸುಳ್ಳಿನಿಂದ ನನಗೆ ಆದದ್ದೆಲ್ಲ ಒಳ್ಳೆಯದೇ. ನಾವು ಹೋಗುವುದು ಮಂಗಳವಾರ. ಶನಿವಾರ ಸುಮ್ಮನಿದ್ದರೆ ನನ್ನ ಸುಳ್ಳು ಪ್ಲಾಸ್ಟಿಕ್ಕಿನಲ್ಲಿ ಉಳಿಯುತ್ತದೆ, ನನ್ನ ಬೆನ್ನ ಹಿಂದೆ ಕನ್ನಡದವರು ಬಂದು ಓದಿ ನಗುತ್ತಾ ಮುರಿಯುತ್ತಿರುತ್ತಾರೆ, ಒಂದು ದಿನ ಯಾರಾದರೂ ಮಿಸೆಸ್ ಲಿನ್‌ಗೆ ಅರ್ಥ ಹೇಳಿಬಿಡುತ್ತಾರೆ. ನಾನೇ ಹೇಳಿದರೆ, ನನಗೆ ಬಾಣಂತನ ಮಾಡಿದ ಕೈಯನ್ನು ಹೊರಡುವ ಮೂರು ದಿನಕ್ಕೆ ಮುಂಚೆ ಕಳೆದುಕೊಳ್ಳುತ್ತೇನೆ.

"ಬಿಡೇ ಅದನ್ನ, ಯಾರು ಓದ್ತಾರೆ?" ಎಂದರು ನಮ್ಮವರು. "ಇನ್ನು ನಾಲ್ಕು ದಿನಕ್ಕೆ ನಾವು ಇಲ್ಲಿರಲ್ಲ."

"ಅದಕ್ಕೇ," ಎಂದೆ.

ಶನಿವಾರ ಅನುವಿನ ಕೈ ಹಿಡಿದು ಹೋದೆ. ಬೋರ್ಡಿನವನು ಟೇಪು ಹಿಡಿದು ಮುಚ್ಚಳವನ್ನು ಅಳೆಯುತ್ತಿದ್ದ. ನಾನು ಮಿಸೆಸ್ ಲಿನ್ ಎದುರು ನಿಂತು, ಇಂಗ್ಲಿಷಿನಲ್ಲಿ ಕಟ್ಟಿಕೊಂಡು ಹೋಗಿದ್ದ ಭಾಷಣವನ್ನೆಲ್ಲ ಮರೆತು, "ದಿಸ್ ಇಂಡಿಯನ್ ರೈಟಿಂಗ್... ಇಟ್ ಸೇಸ್..." ಎನ್ನುವಷ್ಟರಲ್ಲಿ ವಿಮಾನ ಬಂತು. ಬಾಯಿ ತೆರೆದು ನಿಂತೆ. ಆಕೆಯೂ ಕತ್ತು ಮುಂದೆ ಮಾಡಿ ನಿಂತರು. ಬೋರ್ಡಿನವನೂ ನಿಂತ. ಅಷ್ಟು ಉದ್ದದ ವಿಮಾನವನ್ನು ನಾನು ಕಂಡೇ ಇಲ್ಲ. ಕೊನೆಗೂ ಸದ್ದು ಹೋಯಿತು.

"...ಯೆಸ್ ಬ್ರೇಕ್," ಎಂದೆ.

"ಯೆಸ್ ಬ್ರೇಕ್?"

"ನೋ ಬ್ರೇಕ್ ಅಲ್ಲ. ಮುರಿದು ನೋಡಿ, ಎಳೇದಿದ್ದರೆ ಮಾತ್ರ ಕೊಳ್ಳಿ ಅಂತ ಬರೆದಿದ್ದೇನೆ. ಮೊದಲ ದಿನದಿಂದ."

ಮಿಸೆಸ್ ಲಿನ್ ನನ್ನನ್ನು ನೋಡಿದರು, ಮುಚ್ಚಳವನ್ನು ನೋಡಿದರು. ಬೆನ್ನು ತಿರುಗಿಸಿ, ಪ್ಲಾಸ್ಟಿಕ್ ಪರದೆ ಸರಿಸಿ ಒಳಗೆ ಹೋಗಿಬಿಟ್ಟರು. ಮುಗಿಯಿತು ಎಂದುಕೊಂಡೆ. "ಆರ್ ವಿ ಇನ್ ಟ್ರಬಲ್?" ಎಂದು ಅನು ಕೇಳಿದಳು. ಹೌದು ಎಂದೆ.

ಪರದೆ ಮತ್ತೆ ಸರಿಯಿತು. ಆಕೆ ಒಂದು ಸಣ್ಣ ಪೆಟ್ಟಿಗೆಯನ್ನು ತಂದು ನನ್ನ ಮುಂದೆ ಕುಕ್ಕಿದರು. ಕಿರುಬೆರಳಿನಷ್ಟೇ ಉದ್ದದ, ಇನ್ನೂ ರೋಮ ಹೋಗದ ಎಳೆಯ ಬೆಂಡೆಕಾಯಿ. ಆ ಬೀದಿಯಲ್ಲಿ ಅಂಥದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ.

"ಬ್ರೇಕ್," ಎಂದರು.

ಟಕ್.

"ಬ್ರೇಕ್."

ಟಕ್. ಇನ್ನೊಂದು, ಟಕ್. ಒಂದಾದರೂ ಬಾಗಬೇಡವೆ!

ಆಮೇಲೆ ಆಕೆ ಮುಚ್ಚಳವನ್ನು 'ಎರಡನೇ ಸಾಲು ನೋಡು' ಎನ್ನುವಂತೆ ನನ್ನ ಕಡೆ ತಿರುಗಿಸಿ, ತಾವು ಬರೆದ ಚೀನೀ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಅರ್ಥ ಹೇಳಿದರು. ಅದೂ ನೋ ಬ್ರೇಕ್ ಆಗಿರಲಿಲ್ಲ. 'ಒಳ್ಳೆಯದು ಒಳಗಿದೆ, ಕೇಳಿ' ಎಂದಿತ್ತು!

ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ಎಂಟು ವರ್ಷ! ಕೆಮ್ಮಿ, ಕದ್ದು, ವಿಮಾನ ಕಾದು, ನಾನು ಮುರಿಮುರಿದು ಆರಿಸಿದ್ದೆಲ್ಲ ಹೊರಗಿನ ಬಲಿತ ಮಾಲು. ಚೀನೀ ಹೆಂಗಸರು ಬೋರ್ಡು ಓದಿ, ನನ್ನ ಪಕ್ಕದಲ್ಲೇ ಹಾದು ಒಳಗೆ ಹೋಗಿ, ಎಳೇದನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು. "ಮತ್ತೆ ನನಗೇಕೆ ಹೇಳಲಿಲ್ಲ?" ಎಂದು ಕೂಗಿದೆ. ನಿಜಕ್ಕೂ ಸಿಟ್ಟು ಬಂದಿತ್ತು.

"ಯೂ ಲೈಕ್ ಬ್ರೇಕ್," ಎಂದರು ಮಿಸೆಸ್ ಲಿನ್. ಒಳಗಿನದು ಕೊಟ್ಟರೆ ನೀನು ಎರಡು ನಿಮಿಷಕ್ಕೆ ಮನೆಗೆ ಹೋಗುತ್ತಿದ್ದೆ, ಹೊರಗಿನದಾದರೆ ಅರ್ಧ ಗಂಟೆ ನಿಲ್ಲುತ್ತಿದ್ದೆ ಎಂದರು. ಹೇಳಿ ನಕ್ಕೇಬಿಟ್ಟರು. ಮುಂಗೈಯಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನೂ ನಕ್ಕೆ. ಅಳುತ್ತಲೂ ಇದ್ದೆ. ಆ ಬೋರ್ಡಿನಲ್ಲಿ ಮುರಿಯಬೇಡಿ ಎನ್ನುತ್ತಿದ್ದದ್ದು ಇಂಗ್ಲಿಷ್ ಸಾಲೊಂದೇ, ಅದನ್ನು ಯಾರೂ ಓದುತ್ತಿರಲಿಲ್ಲ. ಆಗ ಇಬ್ಬರಿಗೂ ಒಟ್ಟಿಗೇ ಹೊಳೆದು, ಇಬ್ಬರೂ ಮೂರನೇ ಸಾಲಿನ ಕಡೆ ನೋಡಿದೆವು. ಕೊರಿಯನ್ ಮುದುಕರು ಹಿಂದಿನ ವರ್ಷವೇ ಅಂಗಡಿ ಮುಚ್ಚಿ ಮಗನ ಊರಿಗೆ ಹೋಗಿದ್ದರು. ಅವರು ಏನು ಬರೆದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೋರ್ಡಿನವನು ಗಡಿಯಾರ ನೋಡಿಕೊಂಡು, ಏನು ಅಚ್ಚು ಹಾಕಬೇಕು ಎಂದು ಕೇಳಿದ. ಮಿಸೆಸ್ ಲಿನ್ ನನ್ನ ಕೈಗೆ ಮಾರ್ಕರನ್ನು, ಒಂದು ಬಿಳಿಯ ಕಾಗದವನ್ನು ಕೊಟ್ಟರು. ನಾನು ಶಾಲೆಯಲ್ಲಿ ಬಹುಮಾನಕ್ಕೆ ಬರೆದಾಗಲೂ ಅಷ್ಟು ಜೋಪಾನವಾಗಿ ಬರೆದಿರಲಿಲ್ಲ: 'ದಯವಿಟ್ಟು ಮುರಿಯಬೇಡಿ. ಒಳ್ಳೆಯದು ಒಳಗಿದೆ, ಕೇಳಿ.' ಆಕೆ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಟ್ರೂ?"

"ಟ್ರೂ," ಎಂದೆ.

ಆಕೆಗೆ ಆ ಅಕ್ಷರಗಳಲ್ಲಿ ಒಂದೂ ಬಾರದು. ಓದಲು ಇದ್ದದ್ದು ನನ್ನ ಮುಖವೊಂದೇ. ಅದನ್ನು ನೋಡಿದರು, ತಲೆಯಾಡಿಸಿದರು, ಕಾಗದವನ್ನು ಬೋರ್ಡಿನವನಿಗೆ ಕೊಟ್ಟರು. ಹಳೆಯ ಮುಚ್ಚಳವನ್ನು ನನ್ನ ಕಂಕುಳಿಗೆ ಸಿಕ್ಕಿಸಿದರು.

ಮುಂದಿನ ಚಳಿಗಾಲದಲ್ಲಿ ನ್ಯೂಜೆರ್ಸಿಯಿಂದ ದೇವಸ್ಥಾನಕ್ಕೆ ಹೋದಾಗ ಹೊಸ ಅಂಗಡಿಯನ್ನು ನೋಡಿದೆ. ಗಾಜಿನ ಬಾಗಿಲು ತಾನೇ ತೆರೆದುಕೊಂಡಿತು. ಎಸ್ಕಲೇಟರಿನ ಪಕ್ಕದಲ್ಲಿ ತರಕಾರಿ ಪೆಟ್ಟಿಗೆಗಳು, ಮೇಲೆ ಬಿಳಿಯ ಪ್ಲಾಸ್ಟಿಕ್ಕಿನಲ್ಲಿ ನನ್ನ ದುಂಡು ಅಕ್ಷರ. ಒಳಗೆ ವಿಮಾನದ ಸದ್ದು ಬರುತ್ತಿರಲಿಲ್ಲ. ಮಾತು ನಡುವೆ ನಿಲ್ಲಿಸಬೇಕಾಗದೆ ನಮಗಿಬ್ಬರಿಗೂ ಏನು ಮಾತಾಡಬೇಕೆಂದೇ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಮಿಸೆಸ್ ಲಿನ್ ಅನುವಿನ ಕೆನ್ನೆ ಹಿಂಡಿದರು. ಒಳಗೆ ಹೋಗಿ ಒಂದು ಚೀಲ ಬೆಂಡೆಕಾಯಿ ತಂದು, ಬಾಯಿ ಗಂಟು ಹಾಕಿ ನನ್ನ ಕೈಗಿಟ್ಟು ಕಾದು ನಿಂತರು. ನಾನು ಅವರ ಮುಖ ನೋಡಿದೆ, ಗಂಟು ಬಿಚ್ಚಲಿಲ್ಲ.

"ನೋ ಬ್ರೇಕ್?" ಎಂದರು ಆಶ್ಚರ್ಯದಿಂದ.

"ನೋ ಬ್ರೇಕ್," ಎಂದೆ.

ಹಿಲ್ಸ್‌ಬರೋಗೆ ಬಂದು ಹುಳಿ ಮಾಡಿದೆ. ಚಳಿಗಾಲದ ಬೆಂಡೆಕಾಯಿ, ಎಷ್ಟು ಒಳಗಿಂದ ತಂದರೇನು, ನಾಲ್ಕೈದು ಬಲಿತೇ ಇದ್ದವು. ನಮ್ಮವರು ತಟ್ಟೆಯ ಅಂಚಿಗೆ ನಾರನ್ನು ತೆಗೆದಿಡುತ್ತಾ, "ಏನೇ ಇದು, ಸ್ವಲ್ಪ ನೋಡಿ ತರಬಾರದಿತ್ತಾ?" ಎಂದರು.

"ನೋಡೇ ತಂದದ್ದು," ಎಂದೆ. ನೋಡಿದ್ದು ಬೆಂಡೆಕಾಯಿಯನ್ನಲ್ಲ ಎಂದು ಹೇಳಲಿಲ್ಲ. ಅವರಿಗೆ ಇನ್ನೊಂದು ಸೌಟು ಹುಳಿ ಬಡಿಸಿದೆ.